ಮನೆಗಳ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಜನರ ಕಣ್ಣ ಮುಂದೆ ದೇವಾಲಯವೊಂದು ಬಂದು ನಿಲ್ಲುತ್ತದೆ. ಊರ ಗುಡಿಯ ಗೋಪುರದಲ್ಲಿ ಬಿರುಕು ಕಂಡರೆ ಸಮಿತಿ ಕೂಡುತ್ತದೆ, ವಂತಿಗೆಯ ಪುಸ್ತಕ ಮನೆಮನೆಗೆ ತಿರುಗುತ್ತದೆ, ಪರಸ್ಥಳದಲ್ಲಿ ನೆಲೆಸಿದವರೂ ಹಣ ಕಳುಹುತ್ತಾರೆ. ಆದರೆ ಆ ಗುಡಿಯ ಎದುರಿನ ಬೀದಿಯಲ್ಲಿಯೇ ಮೂರು ತಲೆಮಾರುಗಳನ್ನು ಕಂಡ ತೊಟ್ಟಿಯ ಮನೆಯೊಂದು ಮಳೆಗಾಲದಲ್ಲಿ ಕುಸಿದು ಬಿದ್ದರೆ ಯಾರೂ ಸಭೆ ಸೇರುವುದಿಲ್ಲ. ಬಿದ್ದ ಮನೆಯ ಮುಂದೆ ಮೊದಲು ಬಂದು ನಿಲ್ಲುವವನು ಮರದ ವ್ಯಾಪಾರಿ. ಎರಡನೆಯವನು ನಿವೇಶನದ ದಲ್ಲಾಳಿ. ಈ ಎರಡು ನೋಟಗಳ ನಡುವಣ ಅಂತರವನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಬಯಸುತ್ತೇವೆ. ಹಳೆಯ ಮನೆಗಳನ್ನು ಉಳಿಸಬೇಕೆ, ಉಳಿಸುವುದಾದರೆ ಯಾವುವನ್ನು, ಯಾರ ಖರ್ಚಿನಲ್ಲಿ, ಯಾವ ಕ್ರಮದಿಂದ ಎಂಬ ಪ್ರಶ್ನೆಗಳು ರಸಿಕರ ಹರಟೆಯ ವಿಷಯವಾಗಿ ಉಳಿದಿಲ್ಲ. ಪುರಸಭೆಗಳೂ ಸರಕಾರವೂ ಉತ್ತರ ಕೊಡಬೇಕಾದ ಪ್ರಶ್ನೆಗಳಾಗಿವೆ.

ಮೊದಲು ಮೈಸೂರಿನ ಯಾದವಗಿರಿಯ ಪ್ರಸಂಗವನ್ನು ನೋಡೋಣ. ಮಾಲ್ಗುಡಿ ಎಂಬ ಕಲ್ಪನೆಯ ಊರನ್ನು ಲೋಕಕ್ಕೆ ಪರಿಚಯಿಸಿದ ಆರ್. ಕೆ. ನಾರಾಯಣರು ತಾವೇ ಕಟ್ಟಿಸಿ ಬಹುಕಾಲ ವಾಸಿಸಿದ ಮನೆ ಅಲ್ಲಿದೆ. ಅವರು ೨೦೦೧ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ತರುವಾಯ, ೨೦೧೧ರಲ್ಲಿ, ಆ ಮನೆಯನ್ನು ಕೆಡವುವ ಕೆಲಸ ಆರಂಭವಾಯಿತು. ಒಂದಷ್ಟು ಭಾಗ ನೆಲಕ್ಕೆ ಬಿದ್ದ ಮೇಲೆ ಸುದ್ದಿ ಪತ್ರಿಕೆಗಳಲ್ಲಿ ಬಂದಿತು; ಕೂಗು ಎದ್ದಿತು; ಅಧಿಕಾರಿಗಳು ಓಡಿ ಬಂದು ಕೆಲಸವನ್ನು ನಿಲ್ಲಿಸಿದರು. ಅನಂತರ ಸಾರ್ವಜನಿಕ ಹಣದಿಂದ ಮನೆಯನ್ನು ಕೊಂಡು, ಮುರಿದುದನ್ನು ಮತ್ತೆ ಕಟ್ಟಿ, ೨೦೧೬ರಲ್ಲಿ ಸ್ಮಾರಕವಾಗಿ ತೆರೆಯಲಾಯಿತು. ಅರ್ಧಚಂದ್ರಾಕಾರದ ಕಿಟಕಿಗಳ ಆ ಮುಂಭಾಗವನ್ನು ಇಂದು ಯಾರು ಬೇಕಾದರೂ ಹೋಗಿ ನೋಡಬಹುದು.

ಇದು ಸಂತೋಷದ ಸಂಗತಿಯೇ ಸರಿ. ಆದರೆ ಆಗ ಎದ್ದ ಎರಡು ಆಕ್ಷೇಪಗಳನ್ನು ಮರೆಯಬಾರದು. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಕನ್ನಡಿಗರ ತೆರಿಗೆಯ ಹಣವೇಕೆ, ಕನ್ನಡದಲ್ಲಿ ಬರೆದು ಬಡತನದಲ್ಲಿಯೇ ಕಣ್ಣು ಮುಚ್ಚಿದವರ ಮನೆಗಳೇನು ಪಾಪ ಮಾಡಿದವು ಎಂದು ಕೆಲವು ಮಂದಿ ಕನ್ನಡ ಲೇಖಕರು ಕೇಳಿದರು. ಈ ಪ್ರಶ್ನೆಯನ್ನು ಸಂಕುಚಿತವೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಅದರಲ್ಲಿ ನ್ಯಾಯದ ಅಂಶವಿದೆ. ಆದರೆ ಒಂದು ಮನೆಗೆ ಅನ್ಯಾಯವಾಗಿದೆಯೆಂದು ಇನ್ನೊಂದು ಮನೆಯನ್ನು ಕೆಡವಲು ಬಿಡುವುದು ಆ ಅನ್ಯಾಯಕ್ಕೆ ಪರಿಹಾರವಲ್ಲ. ಎರಡನೆಯ ಆಕ್ಷೇಪವು ಮನೆಯ ಒಡೆತನದ್ದು. ವಾರಸುದಾರರು ತಮ್ಮ ಸ್ವತ್ತನ್ನು ತಮಗೆ ಬೇಕಾದಂತೆ ವಿನಿಯೋಗಿಸಬಾರದೇ? ಕೆಡವಲು ಕೂಲಿಯಾಳು ಹಾರೆ ಎತ್ತುವ ದಿನದವರೆಗೂ ಆ ಮನೆಯು ಪಾರಂಪರಿಕವೆಂದು ಅವರಿಗೆ ಯಾರೂ ತಿಳಿಸಿರಲಿಲ್ಲವೆಂದರೆ ತಪ್ಪು ಯಾರದು? ಕೋಟೆ ಸೂರೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯು ಇಲ್ಲಿ ಅಕ್ಷರಶಃ ನಡೆದುಹೋಯಿತು. ಹಾರೆ ಬೀಳುವ ಮೊದಲು ಹೇಳದ ಸರಕಾರವು ಹಾರೆ ಬಿದ್ದ ಮೇಲೆ ಹೆಚ್ಚು ಬೆಲೆ ತೆರಬೇಕಾಗುತ್ತದೆ ಎಂಬುದೇ ಯಾದವಗಿರಿಯ ಮೊದಲ ಪಾಠ.

ಇನ್ನು ಕುಪ್ಪಳಿಯತ್ತ ತಿರುಗೋಣ. ತೀರ್ಥಹಳ್ಳಿ ತಾಲೂಕಿನ ಆ ಹಂಚಿನ ಮನೆಯು ಕುವೆಂಪು ಅವರ ಹಿರಿಯರದು. ಬಾಲ್ಯವನ್ನು ಅವರು ಕಳೆದದ್ದು ಅಲ್ಲಿಯೇ. ಮಲೆನಾಡಿನ ಒಟ್ಟು ಕುಟುಂಬದ ಮನೆ ಹೇಗಿರುತ್ತಿತ್ತು, ಅಂಗಳದ ಸುತ್ತ ಜಗಲಿ, ಜಗಲಿಯಾಚೆ ಕೋಣೆಗಳು, ಮೇಲೆ ಉಪ್ಪರಿಗೆ, ಎಲ್ಲಕ್ಕೂ ಮೇಲೆ ಮಳೆಯನ್ನು ತಡೆಯುವ ಇಳಿಜಾರು ಮಾಡು ಹೇಗೆ ಒಂದಕ್ಕೊಂದು ಕೂಡಿಕೊಂಡಿದ್ದವು ಎಂಬುದನ್ನು ಅಲ್ಲಿಗೆ ಹೋದ ಶಾಲೆಯ ಹುಡುಗನೂ ಅರ್ಧ ಗಂಟೆಯಲ್ಲಿ ತಿಳಿದುಕೊಳ್ಳುತ್ತಾನೆ. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಅದನ್ನು ಕಾಪಾಡಿಕೊಂಡು ಬಂದಿದೆ. ಆದರೆ ೨೦೧೫ರ ನವೆಂಬರಿನಲ್ಲಿ ಅದೇ ಮನೆಗೆ ಕಳ್ಳರು ನುಗ್ಗಿ ಕವಿಗೆ ಸಂದಿದ್ದ ಪದ್ಮ ಪ್ರಶಸ್ತಿಯ ಪದಕಗಳನ್ನು ಅಪಹರಿಸಿದರು. ಜನರು ವಾಸಿಸುವ ಮನೆಗೂ ಜನರು ನೋಡಿಹೋಗುವ ಮನೆಗೂ ಇರುವ ವ್ಯತ್ಯಾಸ ಅಂದು ನಾಡಿಗೆಲ್ಲ ತಿಳಿಯಿತು. ಒಲೆ ಉರಿಯುವ ಮನೆಯನ್ನು ಮನೆಯವರೇ ಕಾಯುತ್ತಾರೆ. ಒಲೆ ಆರಿದ ಮನೆಗೆ ಕಾವಲುಗಾರನೂ ಬೀಗವೂ ಯಂತ್ರದ ಕಣ್ಣೂ ಬೇಕಾಗುತ್ತವೆ.

ಯಾದವಗಿರಿ, ಕುಪ್ಪಳಿಗಳಂಥ ಮನೆಗಳಿಗಾದರೋ ಹೆಸರಿದೆ. ದೊಡ್ಡವರು ಹುಟ್ಟಿದ, ಬೆಳೆದ, ಬರೆದ ಮನೆಗಳೆಂಬ ಹೆಸರು ಅವುಗಳ ರಕ್ಷೆಯಾಯಿತು. ಆದರೆ ನಾಡಿನ ಹಳೆಯ ಮನೆಗಳಲ್ಲಿ ಕವಿ ಹುಟ್ಟಿದವು ಎಷ್ಟು? ಮಲೆನಾಡಿನ ಚೌಕಿಮನೆಗಳು, ಕರಾವಳಿಯ ಗುತ್ತಿನ ಮನೆಗಳು, ಹಳೆಯ ಮೈಸೂರಿನ ತೊಟ್ಟಿಮನೆಗಳು, ಕೊಡಗಿನ ಐನ್‌ಮನೆಗಳು, ಉತ್ತರ ಕರ್ನಾಟಕದ ವಾಡೆಗಳು ಹಾಗೂ ಮಣ್ಣಿನ ಮಾಳಿಗೆಯ ಮನೆಗಳು, ಇವುಗಳಲ್ಲಿ ಬಹುಪಾಲಿಗೆ ಚರಿತ್ರೆಯ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಅವುಗಳನ್ನು ಕಟ್ಟಿದ ಬಡಗಿಯ ಹೆಸರಂತೂ ಮನೆಯವರಿಗೇ ಗೊತ್ತಿಲ್ಲ. ಸ್ಮಾರಕದ ದಾರಿಯೊಂದನ್ನೇ ನಂಬಿದರೆ ಇವುಗಳಲ್ಲಿ ಸಾವಿರಕ್ಕೊಂದೂ ಉಳಿಯಲಾರದು. ಆದುದರಿಂದ ಹೆಸರಿಲ್ಲದ ಮನೆಗಳು ಏಕೆ ಬೀಳುತ್ತಿವೆ ಎಂಬುದನ್ನು ಮೊದಲು ಅರಿತುಕೊಳ್ಳಬೇಕು.

ಕಾರಣಗಳಲ್ಲಿ ಮೊದಲನೆಯದು ಮನೆಗೂ ಭೂಮಿಗೂ ಇದ್ದ ಸಂಬಂಧ ಕಡಿದು ಹೋದುದು. ಈ ದೊಡ್ಡ ಮನೆಗಳು ಬರಿಯ ವಾಸದ ಮನೆಗಳಾಗಿರಲಿಲ್ಲ. ಕಣಜವೂ ಕಚೇರಿಯೂ ಛತ್ರವೂ ಆಗಿದ್ದವು. ಗೇಣಿಯ ಭತ್ತವೇ ಅವುಗಳ ಮಾಡಿಗೆ ಹೆಂಚು, ಗೋಡೆಗೆ ಸುಣ್ಣ ಒದಗಿಸುತ್ತಿತ್ತು. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕಾಯಿದೆಯು ಉಳುವವನಿಗೆ ಭೂಮಿಯನ್ನು ಕೊಟ್ಟಿತು. ಅದು ನ್ಯಾಯವೇ ಆಗಿತ್ತು, ಇನ್ನೂ ಮೊದಲೇ ಆಗಬೇಕಾಗಿತ್ತು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಹತ್ತು ಖಂಡುಗ ಭತ್ತ ತುಂಬುತ್ತಿದ್ದ ಕಣಜದ ಮನೆಯು ಅಂದಿನಿಂದ ಒಬ್ಬ ಗುಮಾಸ್ತನ ಸಂಬಳದ ಮೇಲೆ ನಿಲ್ಲಬೇಕಾಯಿತು. ಮಾಡಿನ ವಿಸ್ತಾರ ಹಾಗೆಯೇ ಉಳಿಯಿತು. ಅದನ್ನು ಹೊದಿಸುವ ಆದಾಯ ಮಾತ್ರ ಉಳಿಯಲಿಲ್ಲ.

ಎರಡನೆಯದು ಪಾಲು. ಕರಾವಳಿಯ ಕುಟುಂಬದ ಮನೆಗಳನ್ನು ಒಡೆಯದಂತೆ ಹಿಡಿದಿಟ್ಟಿದ್ದ ಅಳಿಯಸಂತಾನದ ಕಟ್ಟು ೧೯೪೯ರ ಮದರಾಸಿನ ಕಾಯಿದೆಯಿಂದ ಸಡಿಲವಾಯಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ೨೦೦೫ರಲ್ಲಿ ಅದಕ್ಕೆ ಆದ ತಿದ್ದುಪಡಿಯೂ ಹೆಣ್ಣುಮಕ್ಕಳಿಗೆ ಸಲ್ಲಬೇಕಾದುದನ್ನು ಸಲ್ಲಿಸಿದವು. ಇವೂ ನ್ಯಾಯವಾದ ಮಾತುಗಳೇ. ಆದರೆ ಗದ್ದೆಯನ್ನು ಐದು ಪಾಲು ಮಾಡಿದಂತೆ ಮನೆಯ ಮಾಡನ್ನು ಐದು ಪಾಲು ಮಾಡಲು ಬರುವುದಿಲ್ಲ. ತಮ್ಮ ಪಾಲಿನ ಮೂಲೆಯಲ್ಲಿ ಸೋರದವರು ಸೋರುವ ಮೂಲೆಗೆ ಹಣ ಕೊಡುವುದಿಲ್ಲ.

ಈ ಮಾತನ್ನು ನಾವು ಪುಸ್ತಕ ನೋಡಿ ಬರೆಯುತ್ತಿಲ್ಲ. ನಾವು ಅಮರಕೋಶವನ್ನು ಬಾಯಿಪಾಠ ಮಾಡಿದ್ದು ನಮ್ಮ ಹಿರಿಯರ ಮನೆಯ ಜಗಲಿಯ ಮೇಲೆ. ಆ ಮನೆ ಐದು ಪಾಲಾಯಿತು. ಪಾಲುದಾರರಲ್ಲಿ ಇಬ್ಬರು ಪರಸ್ಥಳದಲ್ಲಿ, ಒಬ್ಬರು ಪರದೇಶದಲ್ಲಿ; ಊರಲ್ಲಿದ್ದವರು ಮುಪ್ಪಿನವರು. ಒಂದು ಮಳೆಗಾಲದಲ್ಲಿ ಮಾಡಿನ ನೆತ್ತಿಯ ಕೆಲವು ಹೆಂಚುಗಳು ಸರಿದವು. ಅದನ್ನು ಸರಿಪಡಿಸಲು ಒಬ್ಬ ಆಳು ಒಂದು ದಿನ ಏಣಿ ಹತ್ತಿದ್ದರೆ ಸಾಕಾಗಿತ್ತು. ಯಾರು ಹೇಳಬೇಕು, ಯಾರು ಕೂಲಿ ಕೊಡಬೇಕು ಎಂಬ ಪತ್ರವ್ಯವಹಾರದಲ್ಲಿ ಮೂರು ಮಳೆಗಾಲಗಳು ಕಳೆದವು. ಮೊದಲನೆಯ ವರ್ಷ ಪಕಾಸು ಕೊಳೆಯಿತು, ಎರಡನೆಯ ವರ್ಷ ತೊಲೆಯ ತುದಿ, ಮೂರನೆಯ ವರ್ಷ ಗೋಡೆಯ ತಲೆ ನೆನೆದು ಒಂದು ಮಗ್ಗುಲು ಕುಸಿಯಿತು. ನಡುಮನೆಯ ನಾಲ್ಕು ಹಲಸಿನ ಕಂಬಗಳನ್ನು ವ್ಯಾಪಾರಿಯೊಬ್ಬನು ಲಾರಿಯಲ್ಲಿ ಹೇರಿಕೊಂಡು ಹೋದನು. ಅದರಿಂದ ಬಂದ ಹಣದಲ್ಲಿ ಐದನೆಯ ಒಂದು ಪಾಲನ್ನು ನಾವೂ ತೆಗೆದುಕೊಂಡೆವು. ಪರರಿಗೆ ಬುದ್ಧಿ ಹೇಳುವ ಮುನ್ನ ಇದನ್ನು ಒಪ್ಪಿಕೊಳ್ಳುವುದು ನಮ್ಮ ಕರ್ತವ್ಯವೆಂದು ಬರೆದಿದ್ದೇವೆ.

ಮೂರನೆಯ ಕಾರಣವೇ ಆ ಲಾರಿ. ಕೆತ್ತನೆಯ ಕಂಬ, ಬಾಗಿಲವಾಡ, ಬೋದಿಗೆಗಳಿಗೆ ದೊಡ್ಡ ಊರುಗಳ ಅಂಗಡಿಗಳಲ್ಲಿಯೂ ವಿಶ್ರಾಂತಿಗೃಹಗಳಲ್ಲಿಯೂ ಗಿರಾಕಿಯಿದೆ. ನಿಂತ ಮನೆಗಿಂತ ಬಿಡಿಸಿದ ಮನೆಗೆ ಬೆಲೆ ಹೆಚ್ಚು. ಇಲ್ಲಿ ಕಾಯಿದೆಯ ವಿಚಿತ್ರವೊಂದನ್ನು ಗಮನಿಸಬೇಕು. ೧೯೭೨ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ ಕಟ್ಟಡದಿಂದ ಬೇರ್ಪಡಿಸಿದ ನೂರು ವರ್ಷಕ್ಕೆ ಮೇಲ್ಪಟ್ಟ ಯಾವುದೇ ಭಾಗವೂ ಪ್ರಾಚೀನ ವಸ್ತುವೇ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ಪರದೇಶಕ್ಕೆ ಸಾಗಿಸುವಂತಿಲ್ಲ. ಎಂದರೆ ಕಂಬವು ಮನೆಯೊಳಗೆ ನಿಂತು ಮಾಡನ್ನು ಹೊತ್ತಿರುವಷ್ಟು ದಿನ ಈ ಕಾಯಿದೆಯು ಅದರತ್ತ ನೋಡುವುದಿಲ್ಲ. ಕಿತ್ತು ನೆಲಕ್ಕೆ ಕೆಡಹಿದ ಕ್ಷಣದಿಂದ ಅದಕ್ಕೆ ಗೌರವ ಬರುತ್ತದೆ. ಆ ಗೌರವವಾದರೂ ಕಾಗದದ ಮೇಲಿನದೇ ಎಂಬುದನ್ನು ಪೇಟೆಯಲ್ಲಿ ಒಂದು ಸುತ್ತು ಹಾಕಿದವರು ಬಲ್ಲರು.

ಈ ಲಾರಿಗಳಿಗೆ ಎದುರಾಗಿ ನಿಂತ ಒಬ್ಬರನ್ನು ಇಲ್ಲಿ ಸ್ಮರಿಸದಿದ್ದರೆ ಕೃತಘ್ನತೆಯಾದೀತು. ಮಣಿಪಾಲದ ವಿಜಯನಾಥ ಶೆಣೈ ಅವರು ಸಂಸ್ಥಾನಿಕರಲ್ಲ, ಬ್ಯಾಂಕಿನ ನೌಕರಿಯಲ್ಲಿದ್ದವರು. ಬೀಳುತ್ತಿದ್ದ ಮನೆಗಳ ಬಿಡಿಭಾಗಗಳನ್ನು ಕೂಡಿಸಿ ಮೊದಲು ತಮ್ಮ ಮನೆಯನ್ನೇ ಕಟ್ಟಿದರು. ಅನಂತರ ಇಡೀ ಮನೆಗಳನ್ನೇ ಬಿಚ್ಚಿ ತಂದು ಪರಂಪರೆಯ ಗ್ರಾಮವೊಂದನ್ನು ನಿಲ್ಲಿಸಿದರು. ಹರ್ಕೂರಿನ ಒಳಗಿನಮನೆ, ಕುಂಜೂರಿನ ಚೌಕಿಮನೆ, ಭಟಕಳದ ನವಾಯತರ ಮನೆ, ಕುಕನೂರಿನ ಕಮಲ ಮಹಲು ಇವೆಲ್ಲ ಅಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ. ಒಂದೊಂದು ತೊಲೆಗೂ ಗುರುತು ಹಾಕಿ, ನಕ್ಷೆ ಬರೆದು, ಬಿಚ್ಚಿದ ಕ್ರಮದಲ್ಲಿಯೇ ಮತ್ತೆ ಜೋಡಿಸುವುದೆಂದರೆ ಸಾಮಾನ್ಯ ಕೆಲಸವಲ್ಲ. ಅವರು ೨೦೧೭ರಲ್ಲಿ ಕಾಲವಾದರು. ಮದರಾಸಿನ ಸಮೀಪ ಮುಟ್ಟುಕಾಡಿನಲ್ಲಿ ೧೯೯೬ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿಯೂ ನಮ್ಮ ಇಳಕಲ್ಲಿನ ನೇಕಾರರ ಮನೆಯೊಂದು ಇದೇ ರೀತಿ ಮರುಜನ್ಮ ಪಡೆದಿದೆ.

ಆದರೆ ಶೆಣೈಯವರ ಕೆಲಸವನ್ನು ಹೊಗಳಿ ನಾವು ನಿಶ್ಚಿಂತರಾಗುವಂತಿಲ್ಲ. ಕಿತ್ತು ನೆಟ್ಟ ಮನೆಯು ತನ್ನ ಬಾವಿಯನ್ನೂ ಬೀದಿಯನ್ನೂ ನೆರೆಮನೆಯನ್ನೂ ಬಿಟ್ಟು ಬರುತ್ತದೆ. ಬಯಲುಸೀಮೆಯ ಬಿಸಿಲಿಗೆ ದಪ್ಪ ಗೋಡೆ, ಸಣ್ಣ ಕಿಂಡಿ ಇಟ್ಟು ಕಟ್ಟಿದ ಮನೆ ಕರಾವಳಿಯ ಮಳೆಯಲ್ಲಿ ನಿಂತಾಗ ಅದು ಏಕೆ ಹಾಗಿದೆ ಎಂಬುದು ನೋಡುವವರಿಗೆ ತಿಳಿಯದು. ಅದು ಆಪದ್ಧರ್ಮ, ಬೇರೆ ಗತಿಯಿಲ್ಲದ ಮನೆಗೆ ಸಲ್ಲುವ ಧರ್ಮ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದಂತೆ ಊರೇ ಮುಳುಗುವಾಗ ಅದು ಪರಮಧರ್ಮವೂ ಆದೀತು. ಊರು ಸ್ವಸ್ಥಾನದಲ್ಲಿ ಇರುವಲ್ಲಿ ಮನೆಯೂ ಸ್ವಸ್ಥಾನದಲ್ಲಿಯೇ ಇರಬೇಕು.

ಇನ್ನು ಬೀಳಲು ಬಿಡದೆ ದುರಸ್ತಿ ಮಾಡುವವರು ಮಾಡುವ ತಪ್ಪನ್ನು ಹೇಳಬೇಕಾಗಿದೆ. ಅಜಾಗರೂಕತೆಯಿಂದ ಬಿದ್ದ ಮನೆಗಳಷ್ಟೇ ಅತಿ ಕಾಳಜಿಯಿಂದ ಕೆಟ್ಟ ಮನೆಗಳೂ ಇವೆ. ಹಳೆಯ ಗೋಡೆಯು ಮಣ್ಣು, ಇಟ್ಟಿಗೆ, ಇಲ್ಲವೆ ಮುರಕಲ್ಲಿನದು. ಮೇಲಿನ ಗಾರೆ ಸುಣ್ಣದ್ದು. ನೆಲದ ತೇವವನ್ನು ಅಂಥ ಗೋಡೆಯು ಹೀರುತ್ತದೆ, ಬಿಸಿಲು ಬಿದ್ದಾಗ ಸುಣ್ಣದ ಗಾರೆಯ ಮೂಲಕ ಹೊರಗೆ ಬಿಡುತ್ತದೆ. ಗೋಡೆ ಉಸಿರಾಡುತ್ತದೆಂದು ಹಳೆಯ ಉಪ್ಪಾರರು ಹೇಳುತ್ತಿದ್ದುದು ಈ ಅರ್ಥದಲ್ಲಿ. ಈಗಿನವರು ಸುಣ್ಣವನ್ನು ಕೆರೆದು ಸಿಮೆಂಟು ಮೆತ್ತುತ್ತಾರೆ. ಒಂದೆರಡು ವರ್ಷ ಗೋಡೆ ಕನ್ನಡಿಯಂತೆ ಕಾಣುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ತೇವವು ಒಳಗೊಳಗೇ ಮೇಲೇರುತ್ತದೆ. ಅದರೊಡನೆ ಬಂದ ಉಪ್ಪು ಹರಳುಗಟ್ಟಿ ಸಿಮೆಂಟನ್ನು ಗೋಡೆಯ ಮೈಸಹಿತ ಹೊರಗೆ ತಳ್ಳುತ್ತದೆ. ಗೋಡೆಯೊಳಗೆ ಹೂತ ತೊಲೆಯ ತುದಿ ಸದ್ದಿಲ್ಲದೆ ಕೊಳೆಯುತ್ತದೆ. ನೂರು ವರ್ಷ ನಿಂತ ಗೋಡೆ ಹತ್ತು ವರ್ಷದಲ್ಲಿ ಟೊಳ್ಳಾದಾಗ, ಹಳೆಯ ಮನೆಯ ಹಣೆಬರಹವೇ ಇಷ್ಟೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ತಪ್ಪು ಗೋಡೆಯದಲ್ಲ, ಸಿಮೆಂಟಿನದೂ ಅಲ್ಲ. ಒಂದು ಕಾಲದ ಮೈಗೆ ಇನ್ನೊಂದು ಕಾಲದ ಚರ್ಮವನ್ನು ಹೊಲಿದವರದು.

ಮಾಡಿನ ವಿಷಯವೂ ಹೀಗೆಯೇ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಹೆಂಚಿನ ಕಾರಖಾನೆ ತೆರೆದ ಮೇಲೆ ಆ ಹೆಂಚು ನಾಡಿನ ಮೂಲೆಮೂಲೆಗೆ ಹರಡಿತು; ಅದಕ್ಕೆ ಮೊದಲು ನಾಡಹೆಂಚು, ಹುಲ್ಲು, ಸೋಗೆ. ಯಾವುದೇ ಆಗಲಿ, ಮಳೆಗೆ ಮುಂಚೆ ವರ್ಷಕ್ಕೊಮ್ಮೆ ಕೈಯಾಡಿಸಲೇಬೇಕು. ಬಯಲುಸೀಮೆಯ ಮಣ್ಣಿನ ಮಾಳಿಗೆಗೂ ಮಳೆಗಾಲಕ್ಕೆ ಮೊದಲು ಕರಲು ಮಣ್ಣು ಹೊದಿಸುವ ಪದ್ಧತಿಯಿದೆ. ಈ ವಾರ್ಷಿಕ ಸೇವೆಯನ್ನು ತಪ್ಪಿಸಲು ಜನರು ಮಣ್ಣಿನ ಗೋಡೆಯ ಮೇಲೆ ಕಾಂಕ್ರೀಟಿನ ಚಪ್ಪಡಿ ಹೊರಿಸುತ್ತಾರೆ; ಹೊರಲಾರದ ಗೋಡೆ ಸೀಳುತ್ತದೆ. ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸನು ೧೮೭೭ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಯ ಸಂಘವನ್ನು ಸ್ಥಾಪಿಸಿದಾಗ ಅವನು ಹಿಡಿದ ತತ್ತ್ವವೂ ಇದೇ ಆಗಿತ್ತು: ದಿನದಿನದ ಆರೈಕೆಯಿಂದ ಕಟ್ಟಡವು ಕೆಡದಂತೆ ನೋಡಿಕೊಳ್ಳಿ, ಕೆಟ್ಟ ಮೇಲೆ ಹೊಸದನ್ನು ಕಟ್ಟಿ ಹಳೆಯದೆಂದು ಕರೆಯಬೇಡಿ. ಪರದೇಶದವನ ಮಾತಾದರೂ ನಮ್ಮ ಅಜ್ಜಿಯರ ನಡತೆಗೆ ಅದು ಹೊಂದಿಕೊಳ್ಳುತ್ತದೆ.

ಇಲ್ಲಿ ನಮ್ಮ ವಾಚಕರಲ್ಲಿ ಕೆಲವರು ಒಂದು ಪ್ರಶ್ನೆ ಕೇಳುವರು; ಕೇಳಬೇಕಾದುದೂ ಸರಿ. ಈ ದೊಡ್ಡ ಮನೆಗಳು ಯಾರವು? ಒಕ್ಕಲಿನ ಬೆವರಿನಿಂದ ಎದ್ದ ಮನೆಗಳಲ್ಲವೇ? ಊರಿನ ಅರ್ಧ ಜನರನ್ನು ಅಂಗಳದಾಚೆಗೇ ನಿಲ್ಲಿಸಿದ ಹೊಸ್ತಿಲುಗಳಲ್ಲವೇ? ಅವು ಬಿದ್ದರೆ ಬಡವನಿಗೇನು ನಷ್ಟ? ಈ ಪ್ರಶ್ನೆಯಿಂದ ತಪ್ಪಿಸಿಕೊಂಡು ಪರಂಪರೆಯ ಗುಣಗಾನ ಮಾಡುವುದು ನಮಗೆ ಒಪ್ಪಿಗೆಯಿಲ್ಲ. ಹೊಸ್ತಿಲಿನ ಪಾಪ ನಿಜ. ಆದರೆ ಆ ಕಂಬವನ್ನು ಕಡೆದವನು ಜಮೀನುದಾರನಲ್ಲ, ಬಡಗಿ. ಗೋಡೆ ಎತ್ತಿದವನು ಉಪ್ಪಾರ, ಒಡ್ಡ. ನಾಡಹೆಂಚು ಸುಟ್ಟವನು ಕುಂಬಾರ. ಬೀಗ, ಚಿಲಕ ಬಡಿದವನು ಕಮ್ಮಾರ. ಅವರ ಗುಡಿಸಲುಗಳು ಎಂದೋ ಮಳೆಗೆ ಕರಗಿ ಹೋದವು. ಅವರ ಕೈಯ ಕೆಲಸ ಉಳಿದಿರುವುದು ಈ ಮನೆಗಳಲ್ಲಿ ಮಾತ್ರ. ಮೊಳೆಯಿಲ್ಲದೆ ಬೆಣೆಯಿಂದಲೇ ತೊಲೆಗೆ ತೊಲೆ ಕೂಡಿಸಿದ ವಿದ್ಯೆ ಯಾವ ಗ್ರಂಥದಲ್ಲಿಯೂ ಪೂರ್ತಿಯಾಗಿ ಇಲ್ಲ. ಕಂಡು ಕಲಿಯಬೇಕಾದರೆ ಆ ಕೂಡಿಕೆಯೇ ಎದುರಿಗೆ ಇರಬೇಕು. ಮನೆಯನ್ನು ಉಳಿಸುವುದೆಂದರೆ ಒಡೆಯನ ದರ್ಪವನ್ನು ಉಳಿಸುವುದಲ್ಲ, ಶಿಲ್ಪಿಯ ಸಾಕ್ಷ್ಯವನ್ನು ಉಳಿಸುವುದು. ನೇಕಾರನ ಮನೆ, ಕುಂಬಾರನ ಮನೆ ಇಂದಿಗೂ ನಿಂತಿದ್ದರೆ ಗುತ್ತಿನ ಮನೆಗಿಂತ ಮೊದಲು ಅವುಗಳ ಹೆಸರು ಪಟ್ಟಿಯಲ್ಲಿ ಬರಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಈಗ ಸರಕಾರದ ಕರ್ತವ್ಯದ ಮಾತು. ಕೇಂದ್ರದ ೧೯೫೮ರ ಕಾಯಿದೆಯೂ ನಮ್ಮ ರಾಜ್ಯದ ೧೯೬೧ರ ಕಾಯಿದೆಯೂ ಗುಡಿ, ಕೋಟೆ, ಗುಮ್ಮಟ, ಶಾಸನಗಳಂಥ ಸ್ಮಾರಕಗಳನ್ನು ಮನಸ್ಸಿನಲ್ಲಿಟ್ಟು ರಚಿತವಾದವು. ೨೦೧೦ರ ತಿದ್ದುಪಡಿಯ ತರುವಾಯ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ; ಇದ್ದ ಮನೆಯ ದುರಸ್ತಿಗೂ ಅನುಮತಿ ಬೇಕು. ಬಾದಾಮಿ, ವಿಜಯಪುರಗಳಂಥ ಊರುಗಳ ಜನರಿಗೆ ಇದರ ಬಿಸಿ ಗೊತ್ತು. ಸ್ಮಾರಕದ ನೆರೆಯಲ್ಲಿರುವ ಮನೆಗೆ ನಿರ್ಬಂಧವುಂಟು. ಮನೆಯೇ ಸ್ಮಾರಕವಾಗಿದ್ದರೆ ಅದಕ್ಕೆ ನೆರವಿಲ್ಲ! ನಗರ ಯೋಜನೆಯ ಕಾಯಿದೆಯಲ್ಲಿ ಪಾರಂಪರಿಕ ಕಟ್ಟಡವೆಂಬ ಮಾತು ಸೇರಿದೆಯೆಂಬುದು ನಿಜ. ಆದರೆ ಪಟ್ಟಿಗೆ ಸೇರಿಸಿ ಕೈಕಟ್ಟಿ ಕುಳಿತರೆ ಏನಾಗುತ್ತದೆಂಬುದನ್ನು ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡವು ತೋರಿಸಿದೆ. ಅದು ಮನೆಯಲ್ಲ, ಅಂಗಡಿಗಳ ಸಾಲು. ಪಾರಂಪರಿಕವೆಂದು ಊರಿಗೆಲ್ಲ ಗೊತ್ತಿದ್ದ ಕಟ್ಟಡ. ೨೦೧೨ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಪಾರಂಪರಿಕವೆಂಬ ಬಿರುದು ತೊಲೆಯನ್ನು ಹೊರುವುದಿಲ್ಲ, ದುರಸ್ತಿಯೇ ಹೊರಬೇಕು.

ಬೇರೆಯವರು ಏನು ಮಾಡಿದ್ದಾರೆ? ಮುಂಬಯಿಯಲ್ಲಿ ೧೯೯೫ರಲ್ಲಿಯೇ ಪಾರಂಪರಿಕ ಕಟ್ಟಡಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ ನಿಯಮಗಳನ್ನು ಮಾಡಿದರು. ಎಲ್ಲ ಮನೆಗೂ ಒಂದೇ ಬೇಡಿ ಹಾಕದೆ, ಯಾವುದನ್ನು ಮುಟ್ಟಬಾರದು, ಯಾವುದರ ಒಳಗನ್ನು ಬದಲಿಸಬಹುದು ಎಂದು ಬೇರೆ ಮಾಡಿದ್ದು ವಿವೇಕದ ಕೆಲಸ. ಅಹಮದಾಬಾದಿನಲ್ಲಿ ಪೋಳ್ ಎಂದು ಕರೆಯುವ ಓಣಿಗಳಲ್ಲಿ ಮರದ ಕೆತ್ತನೆಯ ಹಳೆಯ ಮನೆಗಳಿವೆ. ಅಲ್ಲಿಯ ಪುರಸಭೆಯು ೧೯೯೬ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಶಾಖೆ ತೆರೆಯಿತು, ಮರುವರ್ಷದಿಂದ ಓಣಿಗಳಲ್ಲಿ ಪರಂಪರೆಯ ನಡಿಗೆಯನ್ನು ಆರಂಭಿಸಿತು. ಪಟ್ಟಿಯಲ್ಲಿರುವ ಮನೆಯ ಒಡೆಯನು ತನ್ನ ನಿವೇಶನದಲ್ಲಿ ಎತ್ತರ ಕಟ್ಟುವ ಹಕ್ಕನ್ನು ಬಿಟ್ಟು, ಆ ಹಕ್ಕನ್ನು ಬೇರೆಡೆ ಕಟ್ಟುವವರಿಗೆ ಮಾರಬಹುದೆಂಬ ಏರ್ಪಾಡೂ ಅಲ್ಲಿದೆ. ೨೦೧೭ರಲ್ಲಿ ಆ ಊರಿಗೆ ವಿಶ್ವ ಪರಂಪರೆಯ ನಗರವೆಂಬ ಮನ್ನಣೆ ದೊರೆಯಿತು. ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ನಗರವದು. ಅಲ್ಲಿಯ ಮನೆಗಳೆಲ್ಲ ಉಳಿದುವೆಂದು ನಾವು ಹೇಳುವುದಿಲ್ಲ. ಆದರೆ ಒಡೆಯನ ಕಿಸೆಯನ್ನು ಮರೆತು ಅವನ ಮನೆಯನ್ನು ಉಳಿಸಲಾಗದೆಂಬುದನ್ನು ಆ ಪುರಸಭೆಯು ಅರಿತುಕೊಂಡಿತು.

ನಮ್ಮ ಸೂಚನೆಗಳು ಹೆಚ್ಚಿಲ್ಲ. ಮೊದಲನೆಯದಾಗಿ, ತಾಲೂಕುವಾರು ಪಟ್ಟಿಯಾಗಬೇಕು. ಇದಕ್ಕೆ ರಾಜಧಾನಿಯಿಂದ ತಜ್ಞರು ಬರಬೇಕಾಗಿಲ್ಲ. ಊರಿನ ಉಪಾಧ್ಯಾಯರು, ವಾಸ್ತು ಕಲಿಯುವ ವಿದ್ಯಾರ್ಥಿಗಳು, ಒಬ್ಬ ಹಿರಿಯ ಬಡಗಿ ಕೂಡಿದರೆ ಒಂದು ಬೇಸಗೆಯಲ್ಲಿ ಒಂದು ತಾಲೂಕನ್ನು ಮುಗಿಸಬಹುದು. ಪ್ರತಿ ಮನೆಯ ನಕ್ಷೆಯೂ ಛಾಯಾಚಿತ್ರವೂ ದಾಖಲೆಯಾದರೆ, ಮನೆ ಬಿದ್ದರೂ ವಿದ್ಯೆ ಉಳಿದೀತು. ಪಟ್ಟಿಯಲ್ಲಿ ಹೆಸರು ಬಂದ ಸಂಗತಿಯನ್ನು ಒಡೆಯನಿಗೆ ಮೊದಲೇ ತಿಳಿಸಬೇಕು. ಯಾದವಗಿರಿಯಂತೆ ಹಾರೆ ಬಿದ್ದ ದಿನ ಅಲ್ಲ. ಎರಡನೆಯದಾಗಿ, ಪಟ್ಟಿಯ ಮನೆಯನ್ನು ಸುಸ್ಥಿತಿಯಲ್ಲಿಟ್ಟವರಿಗೆ ಮನೆಗಂದಾಯದಲ್ಲಿ ರಿಯಾಯಿತಿಯೂ, ಮಾಡಿನ ವಾರ್ಷಿಕ ಕೆಲಸಕ್ಕೆ ಸಣ್ಣ ಸಾಲವೂ ದೊರೆಯಬೇಕು. ಬಿದ್ದ ಮೇಲೆ ಲಕ್ಷಗಟ್ಟಲೆ ಸುರಿಯುವುದಕ್ಕಿಂತ ಬೀಳುವ ಮುಂಚೆ ಸಾವಿರ ಕೊಡುವುದು ಬೊಕ್ಕಸಕ್ಕೂ ಲಾಭ. ಮೂರನೆಯದಾಗಿ, ರಸ್ತೆಗಾಗಿ ನೆಲ ಬಿಟ್ಟುಕೊಟ್ಟವರಿಗೆ ಕಟ್ಟುವ ಹಕ್ಕನ್ನು ವರ್ಗಾಯಿಸಿ ಕೊಡುವ ಪದ್ಧತಿ ನಮ್ಮಲ್ಲಿಯೂ ಕಾಯಿದೆಯಲ್ಲಿದೆ. ಪೇಟೆಯ ನಡುವೆ ಹಳೆಯ ಮನೆಯನ್ನು ಉಳಿಸಿಕೊಂಡವರಿಗೂ ಅದು ಸಲೀಸಾಗಿ ದೊರೆಯುವಂತಾಗಬೇಕು. ನಾಲ್ಕನೆಯದಾಗಿ, ಸುಣ್ಣದ ಗಾರೆ, ಮರದ ಕೂಡಿಕೆಗಳನ್ನು ಕೈಗಾರಿಕಾ ತರಬೇತಿ ಶಾಲೆಗಳಲ್ಲಿ ಕಲಿಸಬೇಕು. ಕೆಲಸ ಬಲ್ಲ ಮುದುಕರು ಇನ್ನೂ ಇರುವಾಗಲೇ ಇದು ಆಗಬೇಕು. ಮನೆಗಳಿಗಿಂತ ಮೊದಲು ಅವರು ಹೊರಟುಹೋಗುವರೆಂಬ ಭಯ ನಮಗಿದೆ. ಐದನೆಯದಾಗಿ, ೧೯೭೨ರ ಕಾಯಿದೆಯನ್ನು ಕಂಬದ ವ್ಯಾಪಾರಕ್ಕೂ ಗಂಭೀರವಾಗಿ ಅನ್ವಯಿಸಬೇಕು.

ಮಲೆನಾಡು, ಕೊಡಗುಗಳಲ್ಲಿ ಕೆಲವರು ತಮ್ಮ ಹಳೆಯ ಮನೆಗಳಲ್ಲಿ ಪ್ರವಾಸಿಗರಿಗೆ ತಂಗಲು ಎಡೆಮಾಡಿಕೊಟ್ಟು ಮನೆಯ ಖರ್ಚನ್ನು ಮನೆಯಿಂದಲೇ ಹುಟ್ಟಿಸಿಕೊಳ್ಳುತ್ತಿದ್ದಾರೆ. ಇದನ್ನು ಹೀಗಳೆಯುವವರ ಸಾಲಿಗೆ ನಾವು ಸೇರುವುದಿಲ್ಲ. ಕೂಲಿ ಕೊಡದೆ ಯಾವ ಮನೆಯೂ ನಿಲ್ಲದು. ಒಲೆ ಉರಿಯುತ್ತಿರುವುದು ಮುಖ್ಯ. ಅದರ ಸುತ್ತ ಉಣ್ಣುವವರು ನೆಂಟರೋ ಅತಿಥಿಗಳೋ ಎಂಬುದು ಆಮೇಲಿನ ಮಾತು. ಹಳೆಯ ಮನೆಯಲ್ಲಿ ಶೌಚಗೃಹ ಕಟ್ಟಬಾರದು, ವಿದ್ಯುತ್ತು ಹಾಕಬಾರದು, ಅಡಿಗೆಮನೆಗೆ ಬೆಳಕು ಬಿಡಬಾರದು ಎನ್ನುವ ಪರಂಪರೆಯ ಪ್ರೇಮವೂ ನಮಗೆ ಬೇಡ. ಹೊಗೆಯಲ್ಲಿ ಕಣ್ಣು ಕಳೆದುಕೊಂಡ ನಮ್ಮ ತಾಯಂದಿರನ್ನು ಕೇಳಿದರೆ ಆ ಪ್ರೇಮದ ಬೆಲೆ ತಿಳಿದೀತು. ಮನೆ ಬದಲಾಗಲಿ, ಅದರ ಎಲುಬು ಮಾತ್ರ ಮುರಿಯದಿರಲಿ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರ ಕಾಲದಲ್ಲಿ ಕಟ್ಟುವುದೇ ಕಷ್ಟವಾಗಿತ್ತು. ನಮ್ಮ ಕಾಲಕ್ಕೆ ಉಳಿಸುವುದು ಅದಕ್ಕಿಂತ ಕಷ್ಟವಾಗಿದೆ. ಸರಕಾರವು ಮಾಡಬೇಕಾದುದನ್ನು ಮೇಲೆ ಹೇಳಿದ್ದೇವೆ, ಮುಂದೆಯೂ ಹೇಳುತ್ತಿರುತ್ತೇವೆ. ಆದರೆ ಕಾಯಿದೆಯು ಬರುವವರೆಗೆ ಮಳೆ ಕಾಯುವುದಿಲ್ಲ. ಊರಿನಲ್ಲಿ ಹಿರಿಯರ ಮನೆಯಿದ್ದು ಪರಸ್ಥಳದಲ್ಲಿ ನೌಕರಿ ಮಾಡುತ್ತಿರುವ ನಮ್ಮ ವಾಚಕರು ನೂರಾರು ಮಂದಿ ಇದ್ದಾರೆಂದು ಬಲ್ಲೆವು. ಅವರಲ್ಲಿ ನಮ್ಮ ವಿನಂತಿ ಇಷ್ಟೇ. ಬರುವ ಮಳೆಗಾಲಕ್ಕೆ ಮುಂಚೆ ಪಾಲುದಾರರೊಡನೆ ಜಗಳವಿದ್ದರೂ ಸರಿ, ಮೊಕದ್ದಮೆ ನಡೆಯುತ್ತಿದ್ದರೂ ಸರಿ, ಒಬ್ಬ ಆಳನ್ನು ಒಂದು ದಿನದ ಮಟ್ಟಿಗೆ ಏಣಿ ಹತ್ತಿಸಿ ಸರಿದ ಹೆಂಚನ್ನು ಸರಿಮಾಡಿಸಿರಿ. ಆ ಕೂಲಿಯನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂಬುದನ್ನು ಆಮೇಲೆ ತೀರ್ಮಾನಿಸಬಹುದು. ನಾವು ಅದನ್ನು ಮೊದಲು ತೀರ್ಮಾನಿಸಹೊರಟು ಮನೆಯನ್ನೇ ಕಳೆದುಕೊಂಡವರು.